ಯಾತ್ರಿಕರಿಗಿಂತ ಮುಂಚೆ ಕಾಶಿಯ ಬಾಗಿಲು ತಟ್ಟುವ ಕೋಡ್

ಕರ್ನಾಟಕದಿಂದ ಕಾಶಿಗೆ ಹೊರಡುವ ಯಾತ್ರೆಯ ಮೊದಲ ಹೆಜ್ಜೆಗಳು ಇಂದು ಬ್ರೌಸರಿನೊಳಗೆ ಬೀಳುತ್ತವೆ. ವಿಶ್ವನಾಥನ ಗುಡಿಯಲ್ಲಿ ನಸುಕಿನ 3 ಗಂಟೆಗೆ ಆರಂಭವಾಗುವ ಮಂಗಲ ಆರತಿಗೆ, ಸಂಜೆಯ ಸಪ್ತರ್ಷಿ ಆರತಿಗೆ, ರುದ್ರಾಭಿಷೇಕಕ್ಕೆ, ಸಾಲಿನಲ್ಲಿ ಬಹಳ ಹೊತ್ತು ನಿಲ್ಲಲಾರದವರು ಬಯಸುವ ಸುಗಮ ದರ್ಶನಕ್ಕೆ ದೇವಸ್ಥಾನ ಟ್ರಸ್ಟಿನ ಜಾಲತಾಣದಲ್ಲಿ ಮುಂಗಡವಾಗಿ ಸ್ಥಳ ಕಾಯ್ದಿರಿಸಬಹುದು. ರೈಲಿನ ಟಿಕೆಟ್ಟು ಐಆರ್‌ಸಿಟಿಸಿ ತಾಣದಲ್ಲಿ ಸಿಗುತ್ತದೆ. 2022ರಲ್ಲಿ ಕರ್ನಾಟಕ ಸರ್ಕಾರವು ಕಾಶಿಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ನೀಡುವ ಯೋಜನೆಯನ್ನು ಜಾರಿಗೆ ತಂದಾಗ ಅದರ ಅರ್ಜಿಗೆ ಸೇವಾಸಿಂಧು ಜಾಲತಾಣವೇ ಬಾಗಿಲಾಯಿತು. ಅದೇ ವರ್ಷ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಬಾರಿಗೆ ಹೊರಟ ಭಾರತ್ ಗೌರವ್ ಕಾಶಿ ದರ್ಶನ ರೈಲು ಕಾಶಿ, ಅಯೋಧ್ಯೆ, ಪ್ರಯಾಗರಾಜ್‌ಗಳನ್ನು ಸುತ್ತಿಸಿ ತರುವ ಎಂಟು ದಿನಗಳ ಯಾತ್ರೆಯಾಗಿತ್ತು. ಒಂದು ಕಾಲದಲ್ಲಿ ಕಾಶಿಯನ್ನು ಮುಟ್ಟಿದ ಕನ್ನಡಿಗನು ಜಂಗಮವಾಡಿ ಮಠದಲ್ಲಿಯೋ, ಮೈಸೂರು ಸಂಸ್ಥಾನವು ಕಟ್ಟಿಸಿದ ಘಾಟಿನ ಬಳಿಯಲ್ಲಿಯೋ ತನ್ನ ಭಾಷೆ ಬಲ್ಲವರನ್ನು ಹುಡುಕಿಕೊಂಡು, ಉಳಿದ ತೊಡಕುಗಳನ್ನು ಅವರ ನೆರವಿನಿಂದ ಬಿಡಿಸಿಕೊಳ್ಳುತ್ತಿದ್ದನು. ಈಗಿನ ತೊಡಕುಗಳು ಊರು ಬಿಡುವ ಮೊದಲೇ, ಒಬ್ಬಂಟಿಯಾಗಿ ಪರದೆಯ ಮುಂದೆ ಕುಳಿತ ಹೊತ್ತಿನಲ್ಲಿ ಎದುರಾಗುತ್ತವೆ ಮತ್ತು ಆಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆದ್ದರಿಂದ ಇಂಥ ಜಾಲತಾಣವು ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ಯಾತ್ರಿಕನು ಬರುವ ಮೊದಲೇ ಯಾರಾದರೂ ನಡೆದು ನೋಡಿರಬೇಕು. ಆ ಕೆಲಸವನ್ನು ಮನುಷ್ಯರು ಮಾಡಬಲ್ಲರು, ಮಾಡುತ್ತಲೂ ಇದ್ದಾರೆ. ಆದರೆ ಎಣಿಕೆ ಬೇಗ ಕೈಮೀರುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಂಬ ನಾಲ್ಕು ಬ್ರೌಸರುಗಳು, ಫೋನು ಮತ್ತು ಗಣಕದ ಎರಡು ಅಳತೆಯ ಪರದೆಗಳು, ಹಿಂದಿ–ಇಂಗ್ಲಿಷ್–ಕನ್ನಡ ಎಂಬ ಮೂರು ಭಾಷೆಗಳು, ಐದು ಬಗೆಯ ಸೇವೆಗಳು ಇವಿಷ್ಟನ್ನೇ ಹಿಡಿದರೂ 120 ಜೋಡಣೆಗಳಾಗುತ್ತವೆ, ಮತ್ತು ತಾಣದಲ್ಲಿ ಒಂದು ಸಾಲು ಕೋಡ್ ಬದಲಾದಾಗಲೆಲ್ಲ ಆ 120ನ್ನೂ ಮತ್ತೆ ನೋಡಬೇಕಾಗುತ್ತದೆ. ಹೀಗೆ ಮನುಷ್ಯನ ಬೆರಳು ಮತ್ತು ಕಣ್ಣು ಮಾಡುವ ಕೆಲಸವನ್ನು, ಎಂದರೆ ಪುಟ ತೆರೆಯುವುದು, ಖಾನೆ ತುಂಬುವುದು, ಗುಂಡಿ ಒತ್ತುವುದು, ಬಂದ ಉತ್ತರವನ್ನು ಓದಿ ತಾಳೆ ನೋಡುವುದು ಇವುಗಳನ್ನು, ಬರೆದಿಟ್ಟ ಕೋಡಿನ ಮೂಲಕ ನಿಜವಾದ ಬ್ರೌಸರಿನಿಂದಲೇ ಮಾಡಿಸುವ ವಿದ್ಯೆಗೆ ಬ್ರೌಸರ್ ಸ್ವಯಂಚಾಲನೆ ಎಂದು ಹೆಸರು.

ಈ ವಿದ್ಯೆಯ ಇತಿಹಾಸ ಚಿಕ್ಕದು. 2004ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯ ಜೇಸನ್ ಹಗಿನ್ಸ್ ಅವರು, ನೌಕರರ ಸಮಯ ಮತ್ತು ಖರ್ಚುಗಳನ್ನು ದಾಖಲಿಸುವ ಒಂದು ಆಂತರಿಕ ತಾಣವನ್ನು ಪದೇ ಪದೇ ಕೈಯಿಂದ ಪರೀಕ್ಷಿಸುವ ಶ್ರಮವನ್ನು ತಪ್ಪಿಸಲು, ಬ್ರೌಸರಿನೊಳಗೆ ಕುಳಿತು ಅದನ್ನು ನಡೆಸುವ ಜಾವಾಸ್ಕ್ರಿಪ್ಟ್ ಸಲಕರಣೆಯೊಂದನ್ನು ಬರೆದರು. ಅಂದು ಪರೀಕ್ಷಾ ತಂತ್ರಾಂಶದ ಮಾರುಕಟ್ಟೆಯಲ್ಲಿ ಮರ್ಕ್ಯುರಿ, ಎಂದರೆ ಪಾದರಸ ಎಂಬ ಹೆಸರಿನ ಸಂಸ್ಥೆ ಪ್ರಬಲವಾಗಿದ್ದುದರಿಂದ, ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ಮಾತನ್ನು ಹಿಡಿದು ಹೊಸ ಸಲಕರಣೆಗೆ ಸೆಲೆನಿಯಂ ಎಂಬ ಹೆಸರು ಬಂತು. ಅದು ಮುಕ್ತ ತಂತ್ರಾಂಶವಾಗಿ ಹೊರಬಂದದ್ದರಿಂದ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾಯಿತು, ತಿದ್ದಬಹುದಾಯಿತು. ಆದರೆ ಅದಕ್ಕೊಂದು ಹುಟ್ಟುಮಿತಿ ಇತ್ತು: ಒಂದು ತಾಣದ ಜಾವಾಸ್ಕ್ರಿಪ್ಟ್ ಇನ್ನೊಂದು ತಾಣದ ಒಳಗನ್ನು ಮುಟ್ಟಬಾರದೆಂದು ಬ್ರೌಸರುಗಳು ಭದ್ರತೆಗಾಗಿ ಹಾಕಿಕೊಂಡಿರುವ ನಿಯಮವು ಪರೀಕ್ಷಕನಿಗೂ ಅಡ್ಡಬರುತ್ತಿತ್ತು. ಟಿಕೆಟ್ ತಾಣದಿಂದ ಬ್ಯಾಂಕಿನ ತಾಣಕ್ಕೆ ಹೋಗಿ ಮರಳಿ ಬರಬೇಕಾದ ಯಾವುದೇ ಪರೀಕ್ಷೆ ಈ ಗೋಡೆಗೆ ಬಡಿದು ನಿಲ್ಲುತ್ತಿತ್ತು. ಸೈಮನ್ ಸ್ಟೀವರ್ಟ್ ಅವರು ಕಟ್ಟಿದ ವೆಬ್‌ಡ್ರೈವರ್ ಎಂಬ ಇನ್ನೊಂದು ಸಲಕರಣೆ ಈ ಗೋಡೆಯನ್ನು ಬೇರೆ ದಾರಿಯಿಂದ ದಾಟಿತು. ಪುಟದ ಒಳಗೆ ಕುಳಿತುಕೊಳ್ಳುವ ಬದಲು ಅದು ಬ್ರೌಸರನ್ನೇ ಹೊರಗಿನಿಂದ ಹಿಡಿದು ನಡೆಸಿತು. ಎರಡೂ ಒಂದಾಗಿ 2011ರಲ್ಲಿ ಸೆಲೆನಿಯಂನ ಎರಡನೆಯ ಆವೃತ್ತಿ ಬಂತು, ಮತ್ತು 2018ರ ಜೂನ್ 5ರಂದು ವಿಶ್ವವ್ಯಾಪಿ ಜಾಲದ ಮಾನಕಗಳನ್ನು ನಿಗದಿಪಡಿಸುವ ಡಬ್ಲ್ಯು3ಸಿ ಸಂಸ್ಥೆಯು ವೆಬ್‌ಡ್ರೈವರನ್ನು ಅಧಿಕೃತ ಮಾನಕವೆಂದು ಪ್ರಕಟಿಸಿತು. ಅಂದಿನಿಂದ ತನ್ನನ್ನು ಕೋಡಿನಿಂದ ನಡೆಸಲು ಬಿಡುವುದು ಬ್ರೌಸರು ಪಾಲಿಸಬೇಕಾದ ಒಪ್ಪಿತ ರೀತಿಯಾಯಿತು. ಈ ಸಲಕರಣೆಯ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನವು 2014ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಇಲ್ಲಿನ ಪರೀಕ್ಷಕ ಸಮುದಾಯದ ಗಾತ್ರಕ್ಕೆ ಸಾಕ್ಷಿ. 2017ರಲ್ಲಿ ಗೂಗಲ್‌ನ ಪಪೆಟಿಯರ್, 2020ರಲ್ಲಿ ಮೈಕ್ರೋಸಾಫ್ಟಿನ ಪ್ಲೇರೈಟ್ ಬಂದವು. ಪರದೆಯ ಮೇಲೆ ಏನನ್ನೂ ತೋರಿಸದೆ ಒಳಗೊಳಗೇ ಓಡುವ, ಆದ್ದರಿಂದ ಬೇಗ ಓಡುವ ತಲೆಯಿಲ್ಲದ ಬ್ರೌಸರು ಇದೇ ಅವಧಿಯಲ್ಲಿ ಎಲ್ಲರ ಕೈಗೆ ಸಿಕ್ಕಿತು.

ಕೆಲಸ ನಡೆಯುವ ಬಗೆ ಹೀಗೆ. ಜಾಲಪುಟವೊಂದು ಕಣ್ಣಿಗೆ ಚಿತ್ರದಂತೆ ಕಂಡರೂ ಬ್ರೌಸರಿನ ಒಳಗೆ ಅದು ಕೊಂಬೆ ಕೊಂಬೆಯಾಗಿ ಕವಲೊಡೆದ ಮರವಾಗಿರುತ್ತದೆ; ಪುಟವೆಂಬ ಬುಡದಿಂದ ಫಾರಂ, ಫಾರಮಿನಿಂದ ಖಾನೆ, ಖಾನೆಯ ಪಕ್ಕದಲ್ಲಿ ಅದರ ಹೆಸರು, ಕೊನೆಯಲ್ಲಿ ಒತ್ತುವ ಗುಂಡಿ ಹೀಗೆ ಪ್ರತಿಯೊಂದೂ ಆ ಮರದಲ್ಲೊಂದು ಕೊಂಬೆ ಇಲ್ಲವೆ ಎಲೆ. ಈ ಮರಕ್ಕೆ ಡಾಮ್ ಎಂದು ಹೆಸರು. ಪರೀಕ್ಷಾ ಕೋಡ್ ಮೊದಲು ಬೇಕಾದ ಎಲೆಯನ್ನು ಹುಡುಕುತ್ತದೆ, ಅನಂತರ ಅದರ ಮೇಲೆ ಕ್ರಿಯೆ ನಡೆಸುತ್ತದೆ, ಕೊನೆಗೆ ಫಲವನ್ನು ನಿರೀಕ್ಷೆಯೊಂದಿಗೆ ಹೋಲಿಸುತ್ತದೆ. ಆರತಿಯನ್ನು ಕಾಯ್ದಿರಿಸುವ ತಾಣವೊಂದರ ಪರೀಕ್ಷೆಯನ್ನು ಮಾತಿನಲ್ಲಿ ಬರೆದರೆ ಅದು ಇಷ್ಟೇ: ಮುಖಪುಟ ತೆರೆ, ಮಂಗಲ ಆರತಿ ಎಂಬುದನ್ನು ಆರಿಸು, ಮುಂದಿನ ಸೋಮವಾರದ ದಿನಾಂಕ ಒತ್ತು, ಇಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ತುಂಬು, ಹಣ ಪಾವತಿಯ ಪುಟಕ್ಕೆ ಹೋಗು, ಅಲ್ಲಿ ತೋರಿಸುವ ಮೊತ್ತ ಇಬ್ಬರ ಶುಲ್ಕಕ್ಕೆ ಸಮವಾಗಿದೆಯೇ ನೋಡು. ಇದರ ಒಂದೊಂದು ವಾಕ್ಯವೂ ಒಂದೊಂದು ಆಜ್ಞೆಯಾಗಿ ಡ್ರೈವರ್ ಎಂಬ ಮಧ್ಯವರ್ತಿ ತಂತ್ರಾಂಶಕ್ಕೆ ಹೋಗುತ್ತದೆ, ಡ್ರೈವರು ಅದನ್ನು ಬ್ರೌಸರಿಗೆ ತಿಳಿಸುತ್ತದೆ, ಬ್ರೌಸರು ಮಾಡಿದ್ದನ್ನು ಹಿಂದಕ್ಕೆ ವರದಿ ಮಾಡುತ್ತದೆ.

ಎಲೆಯನ್ನು ಹುಡುಕಲು ಕೊಡುವ ಗುರುತಿಗೆ ಲೊಕೇಟರ್ ಎನ್ನುತ್ತಾರೆ, ಮತ್ತು ಒಳ್ಳೆಯ ಪರೀಕ್ಷಕನ ವಿವೇಕ ಹೆಚ್ಚಾಗಿ ಅಲ್ಲಿಯೇ ಕಾಣುತ್ತದೆ. ಬನಾರಸಿನ ಗಲ್ಲಿಗಳಲ್ಲಿ ಎಡಕ್ಕೆ ಮೂರನೆಯ ತಿರುವು, ಅನಂತರ ಬಲಕ್ಕೆ ಎರಡನೆಯ ಮನೆ ಎಂದು ಹೇಳಿದ ವಿಳಾಸವು ನಡುವೆ ಒಂದು ಮನೆ ಕೆಡವಿದ ಕೂಡಲೇ ಸುಳ್ಳಾಗುತ್ತದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮಕ್ಕಾಗಿ ಗುಡಿಯ ಸುತ್ತಲಿನ ಗಲ್ಲಿಗಳೇ ಬದಲಾದಾಗ ಹಳೆಯ ತಿರುವುಗಳ ಲೆಕ್ಕ ಇಟ್ಟುಕೊಂಡವರು ದಾರಿ ತಪ್ಪುವುದು ಸಹಜವಾಗಿತ್ತು, ಗುಡಿಯ ಹೆಸರು ಹೇಳಿ ಕೇಳಿದವರು ತಪ್ಪಲಿಲ್ಲ. ಕೋಡಿನಲ್ಲಿಯೂ ಮೂರನೆಯ ಚೌಕದೊಳಗಿನ ಎರಡನೆಯ ಗುಂಡಿ ಎಂದು ಬರೆದ ಗುರುತು ವಿನ್ಯಾಸಕನು ಪುಟವನ್ನು ಸ್ವಲ್ಪ ಅಲುಗಾಡಿಸಿದರೂ ಮುರಿಯುತ್ತದೆ, ಆದರೆ ಮುಂದುವರಿಯಿರಿ ಎಂಬ ಹೆಸರಿನ ಗುಂಡಿ ಎಂದು ಬರೆದದ್ದು ಉಳಿಯುತ್ತದೆ. ಈ ಎರಡನೆಯ ಪದ್ಧತಿಗೆ ಇನ್ನೊಂದು ಲಾಭವಿದೆ. ದೃಷ್ಟಿಯಿಲ್ಲದವರು ಬಳಸುವ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಗುಂಡಿಯನ್ನು ಅದರ ಹೆಸರಿನಿಂದಲೇ ಗುರುತಿಸುತ್ತದೆ. ಗುಂಡಿಗೆ ಹೆಸರನ್ನೇ ಕೊಡದೆ ಬಾಣದ ಚಿತ್ರವೊಂದನ್ನು ಮಾತ್ರ ಹಾಕಿದ್ದರೆ ಪರೀಕ್ಷಾ ಕೋಡಿಗೂ ಅದು ಸಿಗುವುದಿಲ್ಲ, ಅಂಧ ಯಾತ್ರಿಕನಿಗೂ ಸಿಗುವುದಿಲ್ಲ. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿಗಳಿದ್ದು, ಅವುಗಳ ಮೂರನೆಯ ಆವೃತ್ತಿ 2023ರಲ್ಲಿ ಹೊರಬಂದಿತು. ಅಂಗವಿಕಲರಿಗೆ ತಾಣವು ಎಟುಕುವಂತಿರಬೇಕೆಂಬುದು ಅವುಗಳ ಮುಖ್ಯ ಅಪೇಕ್ಷೆಗಳಲ್ಲೊಂದು. ಹೆಸರಿನಿಂದ ಹುಡುಕುವ ಪರೀಕ್ಷೆಯನ್ನು ದಿನವೂ ಓಡಿಸುವ ತಂಡವು ಆ ಅಪೇಕ್ಷೆಯ ಒಂದು ಪಾಲನ್ನು ಪ್ರತ್ಯೇಕ ಶ್ರಮವಿಲ್ಲದೆ ಕಾಯುತ್ತಿರುತ್ತದೆ.

ಹುಡುಕುವುದಕ್ಕಿಂತ ಕಷ್ಟವಾದದ್ದು ಕಾಯುವುದು. ಮನುಷ್ಯನು ಗುಂಡಿ ಒತ್ತಿದ ಮೇಲೆ ಪುಟ ತುಂಬುವವರೆಗೆ ತಾನಾಗಿಯೇ ತಾಳುತ್ತಾನೆ, ಯಂತ್ರಕ್ಕೆ ಆ ತಾಳ್ಮೆಯನ್ನು ಬರೆದು ಕೊಡಬೇಕು. ಹೊಸಬರು ಸಾಮಾನ್ಯವಾಗಿ ಐದು ಸೆಕೆಂಡು ನಿಲ್ಲು ಎಂದು ಬರೆಯುತ್ತಾರೆ. ಸರ್ವರು ಬಿಡುವಾಗಿದ್ದ ದಿನ ಉತ್ತರ ಒಂದು ಸೆಕೆಂಡಿಗೇ ಬಂದು ನಾಲ್ಕು ಸೆಕೆಂಡು ವ್ಯರ್ಥವಾಗುತ್ತದೆ, ಶಿವರಾತ್ರಿಯಂಥ ದಿನ ಅದು ಏಳು ಸೆಕೆಂಡಿಗೆ ಬಂದು ಪರೀಕ್ಷೆ ಸುಮ್ಮನೆ ಸೋಲುತ್ತದೆ. ಬಲ್ಲವರು ರಸೀದಿಯ ಸಂಖ್ಯೆ ಕಾಣಿಸುವವರೆಗೆ ಕಾಯಿ, ಆದರೆ ಮೂವತ್ತು ಸೆಕೆಂಡು ಮೀರಿದರೆ ಸೋಲೆಂದು ಬರೆದುಕೋ ಎಂದು ಕಲಿಸುತ್ತಾರೆ. ಗಡಿಯಾರಕ್ಕಾಗಿ ಕಾಯುವುದನ್ನು ಬಿಟ್ಟು ಘಟನೆಗಾಗಿ ಕಾಯುವ ಈ ಕ್ರಮವೇ ಈ ಕಸುಬಿನ ಅರ್ಧ ವಿದ್ಯೆ. ತಾಣದಲ್ಲಿ ಏನೂ ಬದಲಾಗದಿದ್ದರೂ ಒಮ್ಮೆ ಗೆಲ್ಲುವ ಒಮ್ಮೆ ಸೋಲುವ ಪರೀಕ್ಷೆಗಳನ್ನು ಪರೀಕ್ಷಕರು ಫ್ಲೇಕಿ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಚಂಚಲ ಪರೀಕ್ಷೆ ಎನ್ನಬಹುದು. ಗೂಗಲ್ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಲ್ಲಿನ ಪರೀಕ್ಷೆಗಳಲ್ಲಿ ಸುಮಾರು ಶೇ 16ರಷ್ಟರಲ್ಲಿ ಒಂದಷ್ಟು ಚಂಚಲತೆ ಇತ್ತು. ಅಷ್ಟೊಂದು ಸಂಪನ್ಮೂಲವುಳ್ಳ ಸಂಸ್ಥೆಯಲ್ಲೇ ಸ್ಥಿತಿ ಹೀಗಿರುವಾಗ ಕೈಬೆರಳೆಣಿಕೆಯ ಎಂಜಿನಿಯರುಗಳು ನೋಡಿಕೊಳ್ಳುವ ಸಾರ್ವಜನಿಕ ತಾಣದಲ್ಲಿ ಅದು ಎಷ್ಟು ದೊಡ್ಡ ಅಪಾಯವೆಂಬುದನ್ನು ಊಹಿಸಬಹುದು. ಯಾಕೆಂದರೆ ಚಂಚಲ ಪರೀಕ್ಷೆಯ ಹಾನಿ ಸಮಯದ ನಷ್ಟಕ್ಕೆ ನಿಲ್ಲುವುದಿಲ್ಲ: ತೋಳ ಬಂತು ತೋಳ ಎಂದು ಹತ್ತು ಸಲ ಸುಳ್ಳು ಕೂಗಿದ ಕಾವಲುಗಾರನ ಹನ್ನೊಂದನೆಯ ಕೂಗನ್ನು ಯಾರೂ ಕೇಳುವುದಿಲ್ಲ, ಮತ್ತು ನಿಜವಾದ ತೋಳ ಬರುವುದು ಆ ದಿನವೇ.

ಇಷ್ಟು ಸಲಕರಣೆಯ ಮಾತು. ಆದರೆ ಯಾವುದನ್ನು ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ಸಲಕರಣೆ ಉತ್ತರ ಕೊಡಲಾರದು. ಅದಕ್ಕೆ ಊರನ್ನೂ ಜನರನ್ನೂ ಬಲ್ಲ ಬುದ್ಧಿ ಬೇಕು. ಕಾಶಿಯ ಹೆಸರನ್ನೇ ತೆಗೆದುಕೊಳ್ಳಬಹುದು. ಕನ್ನಡಿಗನ ಬಾಯಲ್ಲಿ ಆ ಊರು ಕಾಶಿ, ಸರ್ಕಾರದ ದಾಖಲೆಯಲ್ಲಿ ವಾರಾಣಸಿ, ಅಲ್ಲಿನವರ ಮಾತಿನಲ್ಲಿ ಬನಾರಸ್. ರೈಲ್ವೆಯ ಪಾಲಿಗೆ ಈ ಮೂರೂ ಬೇರೆ ಬೇರೆ ನಿಲ್ದಾಣಗಳು: ವಾರಾಣಸಿ ಜಂಕ್ಷನ್ನಿನ ಸಂಕೇತ ಬಿಎಸ್‌ಬಿ, ಗಂಗೆಯ ಸೇತುವೆಯ ಹತ್ತಿರದ ಕಾಶಿ ನಿಲ್ದಾಣದ ಸಂಕೇತ ಕೆಇಐ, 2021ರವರೆಗೆ ಮಂಡುವಾಡೀಹ್ ಎಂದು ಕರೆಯಲ್ಪಡುತ್ತಿದ್ದ ಬನಾರಸ್ ನಿಲ್ದಾಣದ ಸಂಕೇತ ಬಿಎಸ್‌ಬಿಎಸ್. ಇವಲ್ಲದೆ ಬೆಂಗಳೂರಿನಿಂದ ಹೋಗುವ ಸಂಘಮಿತ್ರಾ ಎಕ್ಸ್‌ಪ್ರೆಸ್ ನಿಲ್ಲುವುದು, 2018ರಲ್ಲಿ ಮೊಘಲ್‌ಸರಾಯ್ ಎಂಬ ಹೆಸರು ಕಳಚಿ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಆದ, ಗಂಗೆಯ ಆಚೆಯ ನಿಲ್ದಾಣದಲ್ಲಿ. ಯಾತ್ರಿಕನು ಹುಡುಕುವ ಖಾನೆಯಲ್ಲಿ ಕಾಶಿ ಎಂದು ಬರೆದಾಗ ಯಾವುದೇ ಪ್ರಯಾಣದ ತಾಣವು ಅವನಿಗೆ ಕೆಇಐ ಒಂದನ್ನೇ ತೋರಿಸಿ, ಬೆಂಗಳೂರಿನಿಂದ ನೇರ ರೈಲಿಲ್ಲ ಎಂದರೆ, ಆ ಉತ್ತರ ತಾಂತ್ರಿಕವಾಗಿ ಸರಿಯಾಗಿದ್ದರೂ ಯಾತ್ರಿಕನ ಪಾಲಿಗೆ ತಪ್ಪು. ಕಾಶಿ, ವಾರಾಣಸಿ, ಬನಾರಸ್, ಮೊಘಲ್‌ಸರಾಯ್ ಎಂಬ ನಾಲ್ಕು ಪದಗಳನ್ನು ಒಂದೊಂದಾಗಿ ಬರೆದು, ಪ್ರತಿ ಸಲವೂ ಹತ್ತಿರದ ಎಲ್ಲ ನಿಲ್ದಾಣಗಳು ಪಟ್ಟಿಯಲ್ಲಿ ಕಾಣುತ್ತವೆಯೇ ಎಂದು ನೋಡುವ ಪರೀಕ್ಷೆಯನ್ನು ಬರೆಯಲು ಹತ್ತು ನಿಮಿಷ ಸಾಕು; ಆದರೆ ಆ ನಾಲ್ಕು ಪದಗಳು ಬೇಕೆಂದು ಹೊಳೆಯಲು ಯಾತ್ರಿಕರ ಮಾತನ್ನು ಕೇಳಿರಬೇಕು.

ಎರಡನೆಯದು ದಿನಾಂಕ. ಮಂಗಲ ಆರತಿ ನಸುಕಿನ 3 ಗಂಟೆಗೆ. ಸೋಮವಾರ ರಾತ್ರಿ ಊಟ ಮುಗಿಸಿ ಇವತ್ತು ರಾತ್ರಿಯ ಆರತಿಗೆ ಹೋಗೋಣ ಎನ್ನುವ ಕುಟುಂಬಕ್ಕೆ ಬೇಕಾದದ್ದು ಮಂಗಳವಾರದ ದಿನಾಂಕ, ಮತ್ತು ಅದನ್ನು ಪುಟವು ಸ್ಪಷ್ಟವಾಗಿ ಹೇಳದಿದ್ದರೆ ಅವರು ಆಗಲೇ ಕಳೆದುಹೋದ ಆರತಿಯನ್ನು ಹುಡುಕುತ್ತಾರೆ. ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಗಣಕಗಳು ಬಹುಮಟ್ಟಿಗೆ ಸಮಯವನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಇಟ್ಟುಕೊಳ್ಳುತ್ತವೆ, ಭಾರತೀಯ ಕಾಲಮಾನವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದ್ದರಿಂದ ಕಾಶಿಯ ಮಂಗಳವಾರ ನಸುಕಿನ 3 ಗಂಟೆ ಎಂದರೆ ಯುಟಿಸಿಯಲ್ಲಿ ಸೋಮವಾರ ರಾತ್ರಿ 9.30. ಕೋಡ್ ಬರೆದವನು ಈ ಪರಿವರ್ತನೆಯನ್ನು ಒಂದು ಕಡೆ ಮರೆತರೂ ಸಾಕು, ರಸೀದಿಯ ಮೇಲೆ ಒಂದು ದಿನ ಹಿಂದಿನ ದಿನಾಂಕ ಅಚ್ಚಾಗುತ್ತದೆ. ಹಗಲಿನ ಸೇವೆಗಳಲ್ಲಿ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ, ಬೆಳಗಿನ 5.30ಕ್ಕಿಂತ ಮುಂಚಿನ ಸೇವೆಗಳಲ್ಲಿ ಮಾತ್ರ ತಲೆ ಎತ್ತುತ್ತದೆ. ಮಿರ್ಜಾಪುರದ ಬಳಿ ಹಾದುಹೋಗುವ ಪೂರ್ವ ರೇಖಾಂಶ 82.5 ಡಿಗ್ರಿಯ ಆಧಾರದ ಮೇಲೆ ಇಡೀ ಭಾರತದ ಗಡಿಯಾರ ನಡೆಯುತ್ತದೆ. ಮಿರ್ಜಾಪುರ ವಾರಾಣಸಿಯ ನೆರೆಯ ಜಿಲ್ಲೆ. ದೇಶಕ್ಕೆಲ್ಲ ಸಮಯ ಕೊಡುವ ನೆಲದ ಮಗ್ಗುಲಲ್ಲೇ ಇರುವ ಗುಡಿಯ ಆರತಿಗೆ ತಪ್ಪು ದಿನಾಂಕದ ಚೀಟಿ ಹಿಡಿದು ಯಾರೂ ನಿಲ್ಲಬಾರದು. ಇಂದಿನ ಸ್ವಯಂಚಾಲನಾ ಸಲಕರಣೆಗಳಲ್ಲಿ ಬ್ರೌಸರಿಗೆ ನೀನು ಈಗ ನ್ಯೂಜೆರ್ಸಿಯಲ್ಲಿರುವೆ, ನೀನು ಈಗ ಮೆಲ್ಬರ್ನಿನಲ್ಲಿರುವೆ ಎಂದು ಕಾಲವಲಯವನ್ನು ಬದಲಿಸಿ ಹೇಳುವ ಅನುಕೂಲವಿದೆ. ಆ ಊರುಗಳಲ್ಲಿ ನೆಲೆಸಿ ಊರಿನ ತಂದೆತಾಯಿಗಾಗಿ ಸೇವೆ ಕಾಯ್ದಿರಿಸುವ ಕನ್ನಡ ಮಕ್ಕಳಿಗೂ ಕಾಶಿಯ ದಿನಾಂಕವೇ ಕಾಣುತ್ತದೆಯೇ ಎಂದು ಒಂದೇ ಗಣಕದಲ್ಲಿ ಕುಳಿತು ನೋಡಬಹುದು.

ಮೂರನೆಯದು ಲಿಪಿ, ಮತ್ತು ಕನ್ನಡ ಪರೀಕ್ಷಕರು ಇದನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ. ಕೊಠಡಿ ಕಾಯ್ದಿರಿಸಿ ಎಂಬ ಗುಂಡಿಯನ್ನು ಹುಡುಕಲು ಹೇಳಿದ ಪರೀಕ್ಷೆಯು, ಆ ಗುಂಡಿ ಪರದೆಯ ಮೇಲೆ ನಿಚ್ಚಳವಾಗಿ ಕಾಣುತ್ತಿದ್ದರೂ, ಅಂಥದ್ದೇನೂ ಇಲ್ಲ ಎಂದು ಸೋಲಬಹುದು. ಕಾರಣ ಸೂಕ್ಷ್ಮವಾಗಿದೆ. ಜಗತ್ತಿನ ಬಹುತೇಕ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟಿರುವ ಯುನಿಕೋಡ್ ಪದ್ಧತಿಯಲ್ಲಿ ಕೊ ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಲು ಸಾಧ್ಯ: ಕ ವ್ಯಂಜನಕ್ಕೆ ಒತ್ವವೆಂಬ ಒಂದೇ ಚಿಹ್ನೆಯನ್ನು ಸೇರಿಸಿ, ಇಲ್ಲವೆ ಎತ್ವದ ಚಿಹ್ನೆಯನ್ನೂ ಊತ್ವದ ಚಿಹ್ನೆಯನ್ನೂ ಒಂದರ ಹಿಂದೊಂದು ಸೇರಿಸಿ. ಎರಡೂ ಕಣ್ಣಿಗೆ ಒಂದೇ, ಯುನಿಕೋಡಿನ ನಿಯಮದಂತೆಯೂ ಅವು ಸಮಾನ. ಆದರೆ ಸಂಖ್ಯೆಗೆ ಸಂಖ್ಯೆ ಇಟ್ಟು ಹೋಲಿಸುವ ಸರಳ ಕೋಡಿಗೆ ಅವು ಬೇರೆ ಬೇರೆ ಪದಗಳು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ನಾರ್ಮಲೈಸೇಷನ್, ಎಂದರೆ ಏಕರೂಪಗೊಳಿಸುವಿಕೆ ಎಂದು ಹೆಸರು. ಇಲ್ಲಿ ಸೋತ ಪರೀಕ್ಷೆಯನ್ನು ಪರೀಕ್ಷೆಯ ದೋಷವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ದೊಡ್ಡ ದೋಷವೊಂದರ ಸುಳಿವೂ ಆಗಿರುತ್ತದೆ: ಗುಂಡಿಯ ಹೆಸರಿನಲ್ಲಿ ಆದ ತಾಳೆತಪ್ಪು ನಾಳೆ ಯಾತ್ರಿಕನ ಹೆಸರಿನಲ್ಲಿಯೂ ಆಗಬಹುದು, ಒಂದು ಫೋನಿನ ಕೀಲಿಮಣೆಯಲ್ಲಿ ಬರೆದ ಹೆಸರು ಇನ್ನೊಂದರಲ್ಲಿ ಬರೆದ ಅದೇ ಹೆಸರಿಗೆ ಹೊಂದದೆ ದಾಖಲೆ ಸಿಗಲಿಲ್ಲ ಎಂಬ ಉತ್ತರ ಬರಬಹುದು. ಇದರ ಜೊತೆಗೆ ಇಸವಿಯನ್ನು ೨೦೨೨ ಎಂದು ಕನ್ನಡ ಅಂಕೆಗಳಲ್ಲಿ ಬರೆದರೆ ಖಾನೆ ಒಪ್ಪುತ್ತದೆಯೇ, ಮನೆತನದ ಹೆಸರಿನ ಜಾಗದಲ್ಲಿ ತಂದೆಯ ಹೆಸರಿನ ಒಂದಕ್ಷರವನ್ನು ಮಾತ್ರ ಬರೆಯುವ ಹಳೇ ಮೈಸೂರಿನವರನ್ನು ಕನಿಷ್ಠ ಎರಡು ಅಕ್ಷರ ಬೇಕು ಎಂದು ಫಾರಂ ಹಿಂದಕ್ಕೆ ಕಳಿಸುತ್ತದೆಯೇ ಎಂಬುವು ಉತ್ತರ ಭಾರತದಲ್ಲಿ ಕುಳಿತು ಫಾರಂ ರೂಪಿಸುವವನಿಗೆ ಹೊಳೆಯುವುದು ಕಷ್ಟ. ಅವನನ್ನು ದೂರಿ ಫಲವಿಲ್ಲ. ಕಾಶಿಗೆ ಬರುವ ಕನ್ನಡಿಗ, ತಮಿಳ, ತೆಲುಗರ ನಿಜವಾದ ಹೆಸರಿನ ಮಾದರಿಗಳನ್ನು ಪರೀಕ್ಷೆಯ ಮಾಹಿತಿಯೊಳಗೆ ಸೇರಿಸಿಟ್ಟರೆ ಯಂತ್ರವೇ ಅವನಿಗೆ ದಿನವೂ ನೆನಪಿಸುತ್ತದೆ.

ಇಂಥ ಪರೀಕ್ಷೆಗಳನ್ನು ನಿಜವಾದ ತಾಣದ ಮೇಲೆ ನಡೆಸಿದರೆ ಆರತಿಯ ಸ್ಥಳಗಳು ಇಲ್ಲದ ಯಾತ್ರಿಕರ ಹೆಸರಿನಲ್ಲಿ ತುಂಬಿಹೋಗುತ್ತವೆ. ಆದ್ದರಿಂದ ತಾಣದ ಪಡಿಯಚ್ಚೊಂದನ್ನು ಪ್ರತ್ಯೇಕವಾಗಿ ನಿಲ್ಲಿಸಿ, ಪಾವತಿ ಸಂಸ್ಥೆಗಳು ಒದಗಿಸುವ ಸುಳ್ಳು ಕಾರ್ಡುಗಳನ್ನು ಬಳಸಿ ಎಲ್ಲವನ್ನೂ ನಡೆಸುತ್ತಾರೆ. ಕನ್ನಡ ಮದುವೆಯ ಕಾಶಿಯಾತ್ರೆಯಲ್ಲಿ ವರನು ಕೊಡೆ ಹಿಡಿದು, ಬೆತ್ತ ಊರಿ, ಹೊರಟೇಬಿಟ್ಟವನಂತೆ ನಾಲ್ಕು ಹೆಜ್ಜೆ ಇಟ್ಟು, ಕನ್ಯಾಪಿತೃಗಳ ಮಾತಿಗೆ ಒಪ್ಪಿ ಮರಳುವಂತೆ, ಇಲ್ಲಿಯೂ ಪ್ರತಿ ವಿಧಿ ಕ್ರಮವಾಗಿ ನಡೆದು ಪಯಣ ಮಾತ್ರ ನಡೆಯುವುದಿಲ್ಲ. ಈ ಪಡಿಯಚ್ಚಿನಲ್ಲಿ ಕೆಟ್ಟ ಘಳಿಗೆಗಳನ್ನು ಬೇಕೆಂದೇ ತರಿಸಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಹಣ ಖಾತೆಯಿಂದ ಹೋದ ಮೇಲೆ, ರಸೀದಿ ಬರುವ ಮೊದಲು ಸಂಪರ್ಕ ಕಡಿದರೆ ಏನಾಗುತ್ತದೆ? ಯಾತ್ರಿಕನು ಗಾಬರಿಯಲ್ಲಿ ಹಿಂದಿನ ಪುಟಕ್ಕೆ ಹೋಗಿ ಮತ್ತೆ ಪಾವತಿಸು ಒತ್ತಿದರೆ ಎರಡು ಬಾರಿ ಹಣ ಕಡಿತವಾಗುತ್ತದೆಯೇ? ಕೊನೆಯ ಒಂದು ಸ್ಥಳಕ್ಕೆ ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ ಇಬ್ಬರಿಗೂ ಚೀಟಿ ಸಿಗುತ್ತದೆಯೇ? ಪಿಂಚಣಿಯ ಹಣದಲ್ಲಿ ಯಾತ್ರೆ ಹೊರಟ ವೃದ್ಧ ದಂಪತಿಯ ಪಾಲಿಗೆ ಈ ಮೂರು ಪ್ರಶ್ನೆಗಳು ಪುಟದ ಬಣ್ಣ, ಚಿತ್ರ, ವಿನ್ಯಾಸಗಳೆಲ್ಲಕ್ಕಿಂತ ದೊಡ್ಡವು, ಮತ್ತು ಸಾರ್ವಜನಿಕ ತಾಣದ ಪರೀಕ್ಷೆಯು ಇವುಗಳಿಂದಲೇ ಆರಂಭವಾಗಬೇಕು. ಉಳಿದ ಚಿಕ್ಕ ಲೆಕ್ಕಗಳನ್ನು ಬ್ರೌಸರ್ ತೆರೆಯದೆ, ಕೋಡಿನ ಬಿಡಿ ಭಾಗಗಳ ಮೇಲೆಯೇ ಕ್ಷಣಾರ್ಧದಲ್ಲಿ ಪರೀಕ್ಷಿಸಬಹುದಾದ್ದರಿಂದ ಅವಕ್ಕೆ ಬ್ರೌಸರನ್ನು ಓಡಿಸುವುದು ದುಂದು.

ಬ್ರೌಸರನ್ನು ಕೋಡಿನಿಂದ ನಡೆಸುವ ಇದೇ ವಿದ್ಯೆ ಯಾತ್ರಿಕನ ಆಸನವನ್ನು ಕಸಿಯಲೂ ಬಳಕೆಯಾಗಿದೆ ಎಂಬುದನ್ನು ಮುಚ್ಚಿಡಲಾಗದು. ತತ್ಕಾಲ್ ಟಿಕೆಟ್ಟಿನ ಕಿಟಕಿ ತೆರೆದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಪ್ರಯತ್ನಗಳ ಅರ್ಧದವರೆಗೆ ಬಾಟ್‌ಗಳು, ಎಂದರೆ ಮನುಷ್ಯರಂತೆ ನಟಿಸುವ ತಂತ್ರಾಂಶಗಳು ಇರುತ್ತಿದ್ದವೆಂದು 2025ರ ಜೂನಿನಲ್ಲಿ ರೈಲ್ವೆ ಸಚಿವಾಲಯ ತಿಳಿಸಿತು. ಎರಡೂವರೆ ಕೋಟಿಗೂ ಹೆಚ್ಚು ಅನುಮಾನಾಸ್ಪದ ಖಾತೆಗಳನ್ನು ನಿಷ್ಕ್ರಿಯಗೊಳಿಸಲಾಯಿತು, ಮತ್ತು ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ಟಿಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಹೆಸರು, ವಯಸ್ಸು, ಬರ್ತಿನ ಆಯ್ಕೆಗಳನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುವ ಕೋಡಿನ ಎದುರು, ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ಅಕ್ಷರ ಒತ್ತುವ ಹಿರಿಯರು ಗೆಲ್ಲುವುದು ಅಸಾಧ್ಯ. ಪರೀಕ್ಷಕನ ಕೋಡಿಗೂ ಬಾಟ್ ಓಡಿಸಿ ಟಿಕೆಟ್ ಕಬಳಿಸುವ ದಲ್ಲಾಳಿಯ ಕೋಡಿಗೂ ಸಾಲು ಸಾಲಾಗಿ ಹೋಲಿಸಿದರೆ ಹೆಚ್ಚು ವ್ಯತ್ಯಾಸವಿರುವುದಿಲ್ಲ. ವ್ಯತ್ಯಾಸವಿರುವುದು ಅನುಮತಿಯಲ್ಲಿ ಮತ್ತು ಪ್ರಾಮಾಣಿಕತೆಯಲ್ಲಿ. ವೆಬ್‌ಡ್ರೈವರ್ ಮಾನಕವು ಇದನ್ನು ಮೊದಲೇ ಯೋಚಿಸಿ, ಕೋಡಿನಿಂದ ನಡೆಯುತ್ತಿರುವ ಬ್ರೌಸರು ತಾನು ಹಾಗೆ ನಡೆಯುತ್ತಿದ್ದೇನೆ ಎಂಬುದನ್ನು ತಾಣಕ್ಕೆ ತಿಳಿಸುವ ಗುರುತೊಂದನ್ನು ಇಟ್ಟಿದೆ. ಪರೀಕ್ಷಕನು ಆ ಗುರುತನ್ನು ಧರಿಸಿಯೇ ತನ್ನ ತಾಣಕ್ಕೆ ಹೋಗುತ್ತಾನೆ, ದಲ್ಲಾಳಿಯು ಅದನ್ನು ಅಳಿಸಿಕೊಂಡು ಪರರ ತಾಣಕ್ಕೆ ನುಗ್ಗುತ್ತಾನೆ. ಅವನನ್ನು ತಡೆಯಲು ಹಾಕುವ ವಕ್ರಾಕ್ಷರದ ಒಗಟುಗಳು, ಕ್ಯಾಪ್ಚಾ ಎಂಬ ಹೆಸರಿನವು, ದಲ್ಲಾಳಿಗಿಂತ ಹೆಚ್ಚಾಗಿ ಮಂದದೃಷ್ಟಿಯ ಹಿರಿಯರನ್ನೇ ಹೊರಗೆ ನಿಲ್ಲಿಸುತ್ತವೆ ಎಂಬುದು ಈ ಕದನದ ದೊಡ್ಡ ದುಃಖ. ಹಾಗಾಗಿ ತಡೆಗಳನ್ನೂ ಪರೀಕ್ಷೆಗೆ ಒಳಪಡಿಸಬೇಕು. ಎಪ್ಪತ್ತು ವರ್ಷದವರು ಎರಡು ಪ್ರಯತ್ನಗಳಲ್ಲಿ ದಾಟಲಾಗದ ತಡೆಯನ್ನು ಯಾತ್ರೆಯ ತಾಣದಲ್ಲಿ ಇಡಬಾರದು.

ಯಂತ್ರದ ನಡಿಗೆಗೆ ಮಿತಿಯೂ ಉಂಟು. ಗುಂಡಿ ಇದೆಯೇ ಎಂದು ಅದು ಹೇಳಬಲ್ಲದು, ಗುಂಡಿಯ ಮೇಲಿನ ಮಾತು ಅರ್ಥವಾಗುತ್ತದೆಯೇ ಎಂದು ಹೇಳಲಾರದು. ಸುಗಮ ದರ್ಶನ ಎಂಬ ಪದ ನೋಡಿ ಇದು ಗಾಲಿಕುರ್ಚಿಯವರಿಗೆ ಮಾತ್ರವೇ, ಎಲ್ಲರಿಗೂ ಇದೆಯೇ ಎಂದು ಗೊಂದಲಗೊಳ್ಳುವುದು ಮನುಷ್ಯ ಮಾತ್ರ. ಗಂಗೆಯ ಮೆಟ್ಟಿಲ ಮೇಲೆ ನಿಂತು, ಬಿಸಿಲಿನಲ್ಲಿ ಪರದೆ ಮಸುಕಾಗಿ, ಮೊಮ್ಮಗನ ಹಳೆಯ ಫೋನಿನಲ್ಲಿ ಒಟಿಪಿಗಾಗಿ ಕಾಯುವ ಸ್ಥಿತಿಯನ್ನು ಯಾವ ತಲೆಯಿಲ್ಲದ ಬ್ರೌಸರೂ ಅನುಭವಿಸುವುದಿಲ್ಲ. ಯಂತ್ರವು ಮರುಕಳಿಸುವ ಕೆಲಸವನ್ನು ಹೊತ್ತುಕೊಂಡಾಗ ಪರೀಕ್ಷಕನಿಗೆ ಸಿಗುವ ಬಿಡುವು ಇಂಥ ಸ್ಥಳಗಳಿಗೆ ಹೋಗಿ, ನಿಂತು, ನೋಡುವುದಕ್ಕೆ ಸಲ್ಲಬೇಕು.

ಪರೀಕ್ಷಕರು ಪಾಲಿಸುವ ಒಂದು ಹಳೆಯ ಕ್ರಮದಲ್ಲಿ ಓದುಗರಿಗೂ ಪಾಲಿದೆ. ತಾಣವೊಂದರಲ್ಲಿ ದೋಷ ಸಿಕ್ಕಿದಾಗ ಅದನ್ನು ಸರಿಪಡಿಸುವ ಮೊದಲು ಆ ದೋಷವನ್ನು ಹಿಡಿಯುವ ಪರೀಕ್ಷೆಯನ್ನು ಬರೆದು, ಅದು ಸೋಲುವುದನ್ನು ಕಂಡು, ಅನಂತರ ಕೋಡ್ ತಿದ್ದಿ, ಅದು ಗೆಲ್ಲುವುದನ್ನು ನೋಡುತ್ತಾರೆ. ಆ ಪರೀಕ್ಷೆ ಮುಂದೆ ಪ್ರತಿ ಬದಲಾವಣೆಯ ಜೊತೆಗೂ ಓಡುತ್ತಲೇ ಇರುತ್ತದೆ, ಅದೇ ದೋಷ ಮತ್ತೆ ನುಸುಳದಂತೆ ಕಾಯುತ್ತದೆ. ಆದ್ದರಿಂದ ಯಾತ್ರೆಯ ತಯಾರಿಯಲ್ಲಿ ಯಾವುದಾದರೂ ತಾಣವು ಕೈಕೊಟ್ಟರೆ ಬೇಸರದಿಂದ ಮುಚ್ಚಿಬಿಡದೆ, ಯಾವ ಫೋನು, ಯಾವ ಬ್ರೌಸರು, ಯಾವ ಭಾಷೆ, ಎಷ್ಟು ಗಂಟೆ, ಯಾವ ಗುಂಡಿ ಒತ್ತಿದಾಗ ಏನು ಕಂಡಿತು ಎಂಬಿಷ್ಟನ್ನು ಪರದೆಯ ಚಿತ್ರದೊಂದಿಗೆ ತಾಣದ ಸಹಾಯವಾಣಿಗೆ ಬರೆದು ಕಳಿಸಿರಿ, ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ. ಆ ಐದು ವಿವರಗಳಿದ್ದರೆ ಅದನ್ನು ಪರೀಕ್ಷೆಯಾಗಿಸಲು ಒಬ್ಬ ಎಂಜಿನಿಯರಿಗೆ ಒಂದು ಮಧ್ಯಾಹ್ನ ಸಾಕು.